ಎಲ್ಲರಿಗೂ ಒಂದು ಕನ್ನಡಕ

ನಾನು ಬರೆದ ಚಿತ್ರವೊಂದು ಒಮ್ಮೆ ಸೀನಿತ್ತು.

ನಗಬೇಡಿ. ಕಿವಿಯಾರೆ ಕೇಳಿದ್ದೇನೆ. ನೆಗಡಿ ಹಿಡಿದು ಬಂದಿದ್ದ ಪೋಸ್ಟ್‌ಮಾಸ್ಟರರೊಬ್ಬರ ಮೂಗನ್ನು ಕಾಗದದ ಮೇಲೆ ಎಷ್ಟು ತದ್ವತ್ತಾಗಿ ಇಳಿಸಿದ್ದೆನೆಂದರೆ, ಪೆನ್ಸಿಲ್ಲಿನ ಪುಡಿ ಹಾರಲಿ ಎಂದು ಒಮ್ಮೆ ಊದಿದ್ದೇ ತಡ, ಚಿತ್ರ 'ಆಕ್ಷೀ' ಎಂದಿತು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಪೋಸ್ಟ್‌ಮಾಸ್ಟರರು ಕರವಸ್ತ್ರ ತೆಗೆದು ಮೊದಲು ಚಿತ್ರದ ಮೂಗು ಒರೆಸಿ, ಆಮೇಲೆ ತಮ್ಮದನ್ನು ಒರೆಸಿಕೊಂಡರು. ಇಂಥ ಕೈ ಹಿಂದೆ ಯಾರಿಗೂ ಇರಲಿಲ್ಲ. ಮುಂದೆ ಯಾರಿಗಾದರೂ ಬಂದೀತು ಎಂಬ ಲಕ್ಷಣವೂ ಇಲ್ಲ.

"ಸೀನಿದ್ದು ನೀವು" ಎನ್ನುತ್ತಾಳೆ ನನ್ನ ಹೆಂಡತಿ. "ಅವರ ನೆಗಡಿ ನಿಮಗೆ ಅಂಟ್ಕೊಂಡಿತ್ತು. ವಾರ ಪೂರ್ತಿ ಬಿಸಿನೀರು ಕಾಸಿಕೊಟ್ಟಿದ್ದು ನಿಮಗೆ, ಚಿತ್ರಕ್ಕಲ್ಲ."

ಅವಳ ಮಾತನ್ನು ನೀವು ತಲೆಗೆ ಹಚ್ಚಿಕೊಳ್ಳಬೇಡಿ. ನನ್ನ ಜೊತೆ ಒಂದೇ ಸೂರಿನಡಿ ಬಾಳಿ ಬಾಳಿ ಅವಳಿಗೆ ಬೆರಗಾಗುವ ಶಕ್ತಿಯೇ ಬತ್ತಿಹೋಗಿದೆ. ನಮ್ಮ ಬೀದಿಯವರು ಹಾಗಲ್ಲ. ಅವರು ನನ್ನನ್ನು 'ಎಕ್ಸ್‌ಪ್ರೆಸ್' ಎಂದೇ ಕರೆಯುತ್ತಾರೆ. ನನ್ನ ಕೈಯ ವೇಗಕ್ಕೆ ಕೊಟ್ಟ ಬಿರುದು ಅದು. ನಾನು ರೈಲು ಬಿಡುತ್ತೇನೆ, ಅದೂ ಯಾವ ಸ್ಟೇಷನ್ನಿನಲ್ಲೂ ನಿಲ್ಲದ ರೈಲು, ಅದಕ್ಕೇ ಆ ಹೆಸರು ಎನ್ನುವವರೂ ಇದ್ದಾರೆ. ಹೊಟ್ಟೆಕಿಚ್ಚಿಗೆ ಮದ್ದು ನನ್ನ ಬಳಿ ಇಲ್ಲ.

ಹಗಲಿನ ಕೆಲಸ ಕನ್ನಡಕದ ಅಂಗಡಿಯಲ್ಲಿ. ಅಂಗಡಿ ಎಂದರೆ ನಿಮಗೆ ಅಂಗಡಿ, ನನಗೆ ಅರಮನೆ. ಎರಡೂ ಗೋಡೆಗೆ ಉದ್ದಕ್ಕೂ ಕನ್ನಡಿ. ಒಬ್ಬ ಗಿರಾಕಿ ಒಳಗೆ ಬಂದರೆ ನೂರು ಜನ ನುಗ್ಗಿದಂತೆ ಕಾಣುತ್ತದೆ, ಯಜಮಾನರಿಗೆ ಅಷ್ಟೇ ಸಮಾಧಾನ. ಅಗಲ ಮಾತ್ರ ಸ್ವಲ್ಪ ಕಡಿಮೆ. ಇಬ್ಬರು ಎದುರುಬದುರಾದರೆ ಒಬ್ಬರು ಉಸಿರು ಬಿಗಿಹಿಡಿಯಬೇಕು. ಒಳಗಡೆ ಗಾಜು ಅರೆಯುವ ಯಂತ್ರ, ಅದರ ಪಕ್ಕ ಬಿಸಿ ಮರಳಿನ ಡಬ್ಬಿ. ಫ್ರೇಮಿನ ಕಡ್ಡಿಯನ್ನು ಆ ಮರಳಿನಲ್ಲಿ ಹೂತು, ಮೆತ್ತಗಾದ ಮೇಲೆ ಗಿರಾಕಿಯ ಕಿವಿಗೆ ತಕ್ಕಂತೆ ಬಗ್ಗಿಸುವುದು ನನ್ನ ಕೆಲಸ. ನಾನು ಬಗ್ಗಿಸಿದ ಕಡ್ಡಿ ಭೂಕಂಪವಾದರೂ ಕಿವಿ ಬಿಡುವುದಿಲ್ಲ.

ಇನ್ನೊಂದು ಕೆಲಸವಿದೆ, ಅದು ಇನ್ನೂ ನಾಜೂಕಿನದು. ಗಿರಾಕಿಯ ಮೂಗಿನ ಮೇಲೆ ಹೊಸ ಫ್ರೇಮು ಕೂರಿಸಿ, "ನನ್ನ ಹಣೆ ನೋಡಿ" ಎಂದು ಹೇಳಿ, ಅವರ ಕಣ್ಣಿನ ಗುಡ್ಡೆ ಎಲ್ಲಿಗೆ ಬರುತ್ತದೋ ಸರಿಯಾಗಿ ಅಲ್ಲಿಗೆ, ಫ್ರೇಮಿನಲ್ಲಿರುವ ತೆಳು ಪ್ಲಾಸ್ಟಿಕ್ಕಿನ ಮೇಲೆ ಪೆನ್ನಿನಿಂದ ಒಂದು ಇಂಟು ಗುರುತು ಹಾಕಬೇಕು. ಆಮೇಲೆ ಕೂರಿಸುವ ಗಾಜಿನ ನಟ್ಟನಡು ಆ ಗುರುತಿಗೇ ಬರಬೇಕು. ಕೂದಲೆಳೆಯಷ್ಟು ತಪ್ಪಿದರೂ ಗಿರಾಕಿಗೆ ಒಂದು ಮೆಟ್ಟಿಲು ಎರಡಾಗಿ ಕಾಣುತ್ತದೆ, ಕಾಲು ಮೂರನೆಯದರ ಮೇಲೆ ಬೀಳುತ್ತದೆ. ಈ ಊರಿನಲ್ಲಿ ನಾನು ಇಂಟು ಹಾಕದ ಕಣ್ಣಿಲ್ಲ.

ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಗಾಜು ಸುತ್ತಿ ಬರುವ ಕಾಗದದ ಮೇಲೆ ಮುಖಗಳನ್ನು ಗೀಚುತ್ತಿದ್ದೆ. ದಿನವಿಡೀ ಮುಖಗಳನ್ನು ಒಂದು ಗೇಣಿನ ದೂರದಿಂದ ನೋಡುವವನಿಗೆ ಮೂಗು, ಕಿವಿ, ದವಡೆ ಎಲ್ಲ ಬೆರಳಿಗೆ ತಾವಾಗಿಯೇ ಬಂದುಬಿಡುತ್ತವೆ. ಹೀಗೆ ಗೀಚಿದ್ದು ರದ್ದಿಗೆ ಹೋಗುತ್ತಿದ್ದುದನ್ನು ನೋಡಿ ನನಗೇ ಹೊಟ್ಟೆ ಉರಿಯಿತು. ಜಗತ್ತಿಗೆ ಅನ್ಯಾಯವಾಗುತ್ತಿದೆ ಎನ್ನಿಸಿತು. ಸಂಬಳದ ಮೇಲೆ ನಾಲ್ಕು ಕಾಸು ಬಂದರೆ ಮನೆಗೂ ಅನ್ಯಾಯವಿಲ್ಲ ಎಂದು ಹೆಂಡತಿಗೆ ಹೇಳಿದೆ.

"ಮಾರ್ತೀರಾ? ಇದನ್ನಾ?" ಎಂದಳು.

"ಜನ ಕ್ಯೂ ನಿಲ್ತಾರೆ, ನೋಡ್ತಿರು."

ನಿಂತರು. ಮೊದಲ ಭಾನುವಾರವೇ ನಿಂತರು. ಬೇಕರಿಯ ಮುಂದೆ ಮಡಚುವ ಸ್ಟೂಲು ಹಾಕಿ ಕೂತೆನೋ ಇಲ್ಲವೋ, ನನ್ನ ಮುಂದಿನಿಂದ ಹಿಡಿದು ಬೀದಿಯ ತಿರುವಿನ ತನಕ ಸಾಲು. ಆ ಸಾಲು ಬಸ್ಸಿನದು, ಬಸ್ಸು ಬಂದೊಡನೆ ಅಷ್ಟೂ ಜನ ಹತ್ತಿ ಹೋದರು ಎಂದು ಬೇಕರಿಯವನು ಊರೆಲ್ಲ ಹೇಳಿಕೊಂಡು ತಿರುಗಿದ. ಹೋದದ್ದು ನಿಜ. ಆದರೆ ನನ್ನನ್ನು ನೋಡುತ್ತಲೇ ಹೋದರು.

ಉಳಿದವನು ಬೇಕರಿಯವನೊಬ್ಬನೇ. ಪಾಪ, ಕರುಣೆಯಿಂದಲೋ, ಸ್ಟೂಲು ಬೇಗ ಎತ್ತಲಿ ಎಂದೋ, "ನನ್ನದೇ ಒಂದು ಬರೀರಿ ಮಾರಾಯ್ರೇ" ಎಂದು ಎದುರಿಗೆ ಕೂತ. ಹಿಟ್ಟು ಮೆತ್ತಿದ ಹುಬ್ಬು, ಒಲೆಯ ಝಳಕ್ಕೆ ಕೆಂಪಾದ ಕಿವಿ, ಎರಡು ಮಡಿಕೆಯ ಗಲ್ಲ, ಒಂದನ್ನೂ ಬಿಡಲಿಲ್ಲ. ಕೈ ತನ್ನಷ್ಟಕ್ಕೆ ಓಡಿತು. ಮುಗಿಸಿ ಕೊಟ್ಟೆ. ಅವನು ಚಿತ್ರವನ್ನು ಹತ್ತಿರ ಹಿಡಿದ, ದೂರ ಹಿಡಿದ, ಮತ್ತೆ ಹತ್ತಿರ ಹಿಡಿದ.

"ಎಕ್ಸ್‌ಪ್ರೆಸ್ಸೂ, ನಾನು ಸತ್ತೋಗಿದ್ದೀನಾ?"

"ಯಾಕೆ?"

"ಕಣ್ಣಿನ ಜಾಗದಲ್ಲಿ ಎರಡು ಇಂಟು ಮಾರ್ಕ್ ಹಾಕಿದ್ದೀರಲ್ಲ! ಮಕ್ಕಳ ಪೇಪರಲ್ಲಿ ಸತ್ತ ಇಲಿಗೆ ಹೀಗೇ ಹಾಕಿರ್ತಾರೆ."

ನೋಡಿದರೆ ಹೌದು. ವರ್ಷಗಟ್ಟಲೆ ಕಣ್ಣು ಕಂಡಲ್ಲೆಲ್ಲ ಇಂಟು ಹಾಕಿ ಪಳಗಿದ ಕೈ ಇಲ್ಲಿಯೂ ಅದನ್ನೇ ಹಾಕಿತ್ತು. ನಾನು ಗಾಬರಿಯಾದೆ ಎಂದು ತಿಳಿಯಬೇಡಿ. ಚಿತ್ರ ಕಸಿದುಕೊಂಡು, ಒಂದೊಂದು ಇಂಟಿನ ಸುತ್ತಲೂ ಒಂದೊಂದು ದುಂಡು ಫ್ರೇಮು ಎಳೆದೆ. ಒಳಗೆ ಗಾಜಿನ ಹೊಳಪು ಬರುವಂತೆ ಓರೆಯಾಗಿ ಪೆನ್ಸಿಲ್ ಉಜ್ಜಿದೆ. ಇಂಟು ಮಾಯ, ಕಣ್ಣೂ ಮಾಯ, ಬೇಕರಿಯವನ ಮುಖದ ಮೇಲೆ ಒಂದು ಭರ್ಜರಿ ಕನ್ನಡಕ.

"ನನಗೆ ಕನ್ನಡಕ ಇಲ್ವಲ್ಲ" ಎಂದ.

"ಬರುತ್ತೆ. ಚಿತ್ರಗಾರ ಮುಂದಿನದನ್ನ ನೋಡ್ತಾನೆ."

ಅವನು ಮತ್ತೆ ನೋಡಿದ. ಗಲ್ಲ ಸ್ವಲ್ಪ ಎತ್ತಿದ. "ಓದಿದೋನ ಥರ ಕಾಣ್ತೀನಿ ಅಲ್ವಾ?" ಎಂದ. ದುಡ್ಡಿನ ಜೊತೆ ಒಂದು ಬನ್ನೂ ಕೊಟ್ಟ.

ಅಂದಿನಿಂದ ಅದೇ ನನ್ನ ಶೈಲಿಯಾಯಿತು. ಬಸ್ ಕಂಡಕ್ಟರನಿಗೆ ಕನ್ನಡಕ, ಪೋಸ್ಟ್‌ಮಾಸ್ಟರರಿಗೆ ಕನ್ನಡಕ, ಹಲ್ಲು ಬಾರದ ಮಗುವಿಗೆ ಕನ್ನಡಕ, ನಿವೃತ್ತ ಮೇಷ್ಟ್ರ ನಾಯಿಗೂ ಕನ್ನಡಕ. ಯಾರಾದರೂ ತಕರಾರು ಎತ್ತಿದರೆ ಕಲೆ ಎಂಬ ಒಂದು ಮಾತು ಹೇಳಿದರೆ ಸಾಕು, ಬಾಯಿ ಮುಚ್ಚುತ್ತಿದ್ದರು. ತಕರಾರು ಎತ್ತಿದವರೂ ಕಡಿಮೆ. ಕನ್ನಡಕ ಹಾಕಿದ ಮುಖದಲ್ಲಿ ಮೂರ್ಖನೂ ಯೋಚನೆ ಮಾಡುತ್ತಿರುವಂತೆ ಕಾಣುತ್ತಾನೆ, ಯಾರಿಗೆ ಬೇಡ?

ಸುದ್ದಿ ಯಜಮಾನರ ಕಿವಿಗೆ ಬಿದ್ದಾಗ ಕೆಲಸ ಹೋಯಿತು ಎಂದುಕೊಂಡೆ. ಒಂದು ಬೆಳಗ್ಗೆ ಬೇಕರಿಯವನು ನನ್ನ ಚಿತ್ರವನ್ನೇ ಕೈಯಲ್ಲಿ ಹಿಡಿದು ಅಂಗಡಿಗೆ ಬಂದು, "ಇಂಥದ್ದೇ ಫ್ರೇಮು ಕೊಡಿ" ಎಂದು ಕೂತುಬಿಟ್ಟಿದ್ದ. ಪರೀಕ್ಷೆ ಮಾಡಿದರೆ ಅವನ ಕಣ್ಣು ಹದ್ದಿನ ಕಣ್ಣು. ಆದರೂ ಬೇಕಂತೆ, ಬರೀ ಗಾಜು ಹಾಕಿ ಕೊಡಬೇಕಂತೆ. ಅವನ ಹಿಂದೆ ಕಂಡಕ್ಟರನೂ ಬಂದ.

ಯಜಮಾನರು ನನ್ನನ್ನು ಒಳಗೆ, ಮರಳಿನ ಡಬ್ಬಿಯ ಪಕ್ಕಕ್ಕೆ, ಕರೆದರು. "ಏನಯ್ಯಾ, ಬೇಡದವರಿಗೆಲ್ಲ ಕನ್ನಡಕ ಹಾಕ್ತಿದ್ದೀಯಂತೆ?"

"ಅದು ನನ್ನ ಶೈಲಿ ಯಜಮಾನ್ರೇ."

"ಒಳ್ಳೇ ಶೈಲಿ. ಇನ್ಮೇಲೆ ಬೇಕರಿ ಮುಂದೆ ಬೇಡ, ನಮ್ಮ ಅಂಗಡಿ ಮುಂದೇನೇ ಕೂತ್ಕೋ." ಹಾಗೆಂದು ಧೂಳು ಹಿಡಿದ ಒಂದು ಪೆಟ್ಟಿಗೆ ತೆಗೆದು ಮುಂದಿಟ್ಟರು. ಬೆಕ್ಕಿನ ಕಿವಿಯಂತೆ ತುದಿ ಎದ್ದ ಫ್ರೇಮುಗಳು, ಯಾವ ಕಾಲದಿಂದಲೋ ಮಾರಾಟವಾಗದೆ ಬಿದ್ದಿದ್ದವು. "ಎಲ್ಲರಿಗೂ ಇದನ್ನೇ ಹಾಕಿ ಬರಿ. ಪೆಟ್ಟಿಗೆ ಖಾಲಿಯಾಗಲಿ."

ಒಂದೇ ತಿಂಗಳಲ್ಲಿ ಊರಿನ ಅರ್ಧ ಜನ ಬೆಕ್ಕಿನ ಕಿವಿಯ ಕನ್ನಡಕದಲ್ಲಿ ಓಡಾಡತೊಡಗಿದರು. ಅರ್ಧ ಎಂದರೆ ಸುಮಾರಾಗಿ. ಇದರಲ್ಲಿ ನನ್ನ ಪಾಲೆಷ್ಟು ಎಂದು ಕೇಳಬೇಡಿ. ಹೆಂಡತಿ ಕೇಳಿದಾಗಲೂ ನಾನು ಮಾತು ಬದಲಾಯಿಸಿದೆ.

ಹೀಗೆ ನನ್ನ ಕೀರ್ತಿ ಉತ್ತುಂಗದಲ್ಲಿದ್ದಾಗ ಅತ್ತೆ ಮಹಡಿಯಿಂದ ಇಳಿದು ಬಂದರು.

ಅತ್ತೆ ಎಂದರೆ ಹೆಂಡತಿಯ ತಾಯಿ. ಮಾವ ತೀರಿಕೊಂಡ ಮೇಲೆ ನಮ್ಮ ಮನೆಯ ಮೇಲಿನ ಕೋಣೆಯಲ್ಲಿದ್ದಾರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಇಡೀ ಊರಿನ ಗಂಟಲುಗಳನ್ನು ಕೇಳಿ ನಿವೃತ್ತರಾದವರು. ಯಾರು ನಿಜ ಹೇಳುತ್ತಾರೆ, ಯಾರು ಕಾಗೆ ಹಾರಿಸುತ್ತಾರೆ ಎನ್ನುವುದು ಅವರಿಗೆ 'ಹಲೋ' ಎನ್ನುವಷ್ಟರಲ್ಲಿ ತಿಳಿಯುತ್ತದೆ. ಆದ್ದರಿಂದ ನಾನು ಅವರೆದುರು ಸಾಮಾನ್ಯವಾಗಿ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತನಾಡುತ್ತೇನೆ.

"ಅಳಿಯಂದ್ರೇ, ನೀವು ಜೀವ ಬರೋ ಹಾಗೆ ಚಿತ್ರ ಬರೀತೀರಂತೆ?"

"ಯಾರು ಹೇಳಿದ್ದು ಅತ್ತೆ?"

"ನೀವೇ. ದಿನಾ ಹೇಳ್ತೀರಲ್ಲ, ಮಹಡಿ ತನಕ ಕೇಳ್ಸುತ್ತೆ."

ಅವರ ಕೈಯಲ್ಲಿ ಒಂದು ಗುರುತಿನ ಕಾರ್ಡಿತ್ತು. ಮಾವನದು. ಮಾವ ನೀರಿನ ಪಂಪ್‌ಹೌಸಿನಲ್ಲಿ ಆಪರೇಟರ್ ಆಗಿದ್ದವರು. ಮಾತು ಕಡಿಮೆ, ಮೀಸೆ ಜಾಸ್ತಿ, ಕ್ಯಾಮೆರಾದ ಹುಚ್ಚು ಎಲ್ಲಕ್ಕಿಂತ ಜಾಸ್ತಿ. ಮನೆಯಲ್ಲಿ ಫೋಟೋಗಳು ರಾಶಿ ಇವೆ: ಅತ್ತೆ ಬಾಗಿಲಲ್ಲಿ, ಅತ್ತೆ ಬೆಂಚಿನ ಮೇಲೆ, ನನ್ನ ಹೆಂಡತಿ ಸೈಕಲ್ಲಿನ ಮೇಲೆ, ನನ್ನ ಹೆಂಡತಿ ಸೈಕಲ್ಲಿನ ಕೆಳಗೆ. ಮಾವ ಎಲ್ಲದರಲ್ಲೂ ಇದ್ದಾರೆ, ಆದರೆ ಕ್ಯಾಮೆರಾದ ಹಿಂದೆ. ಕೆಲವದರಲ್ಲಿ ನೆಲದ ಮೇಲೆ ಅವರ ನೆರಳು ಬಿದ್ದಿದೆ. ಒಂದರ ಮೂಲೆಯಲ್ಲಿ ಹೆಬ್ಬೆರಳಿದೆ. ನಮ್ಮ ಮದುವೆಯಲ್ಲಿ ಕೂಡ ದುಡ್ಡು ಕೊಟ್ಟು ಕರೆಸಿದ್ದ ಫೋಟೋಗ್ರಾಫರನನ್ನು ಊಟಕ್ಕೆ ಕೂರಿಸಿ ತಾವೇ ತೆಗೆದರು. ಮುಖ ಎಂದು ಉಳಿದಿರುವುದು ಆ ಕಾರ್ಡಿನಲ್ಲಿ ಒಂದೇ. ಅದರ ಮೇಲೆ ಪಂಪ್‌ಹೌಸಿನ ಯಾವನೋ ಪುಣ್ಯಾತ್ಮ ನೀಲಿ ಸೀಲನ್ನು ಗುರಿಯಿಟ್ಟು ಎರಡೂ ಕಣ್ಣಿನ ಮೇಲೆ ಒತ್ತಿದ್ದಾನೆ. ಮೀಸೆ ಸ್ಪಷ್ಟ, ಮೂಗು ಸ್ಪಷ್ಟ, ಕಿವಿ ಸ್ಪಷ್ಟ. ಕಣ್ಣಿನ ಜಾಗದಲ್ಲಿ ಮಾತ್ರ 'ನೀರು ಸರಬರಾಜು'.

"ಇದನ್ನ ನೋಡಿ ಅವರದ್ದೊಂದು ಚಿತ್ರ ಬರೆದುಕೊಡಿ" ಎಂದರು ಅತ್ತೆ. "ಕಣ್ಣು ಮಾತ್ರ ನೀವು ನೆನಪಿನಿಂದ ಬರೀಬೇಕು."

"ಕಣ್ಣಾ?"

"ಮೂಗು ಮೀಸೆ ಎಲ್ಲ ನನಗೆ ನೆನಪಿದೆ. ಮೊದಮೊದಲು ಕಣ್ಣೂ ನೆನಪಿತ್ತು. ದಿನಾ ಈ ಕಾರ್ಡ್ ನೋಡ್ತೀನಲ್ಲ, ಈಗೀಗ ಅವರ ಕಣ್ಣು ನೆನೆಸ್ಕೊಳ್ಳೋಕೆ ಹೋದ್ರೆ ಆ ಸೀಲೇ ಬರುತ್ತೆ." ಸ್ವಲ್ಪ ಹೊತ್ತು ಕಾರ್ಡನ್ನು ಸೆರಗಿನಿಂದ ಒರೆಸಿದರು, ಒರೆಸಿದರೆ ಸೀಲು ಹೋದೀತು ಎಂಬಂತೆ. "ಪೂರ್ತಿ ಹೋಗೋ ಮುಂಚೆ ಅದೊಂದು ಬೇಕಿತ್ತು ಅಳಿಯಂದ್ರೇ. ಮಗಳನ್ನ ಕೇಳಿದ್ರೆ, ಅಪ್ಪನ ಕಣ್ಣು ಅಪ್ಪನ ಕಣ್ಣಿನ ಹಾಗೇ ಇತ್ತು ಅಂತಾಳೆ."

ಇಲ್ಲಿ ನಾನು ಬಾಯಿಗೆ ಬೀಗ ಹಾಕಬೇಕಿತ್ತು. ಆದರೆ ನನ್ನ ಬಾಯಿಗೆ ಸರಿಹೊಂದುವ ಬೀಗವನ್ನು ಇನ್ನೂ ಯಾರೂ ತಯಾರಿಸಿಲ್ಲ.

"ಅಷ್ಟೇನಾ ಅತ್ತೆ? ಮಾವನ ಕಣ್ಣು ಇಲ್ಲೇ, ನನ್ನ ಕಣ್ಣ ಮುಂದೇನೇ ಇದೆ. ಬರೆದುಕೊಟ್ಟ ಮೇಲೆ ಮಾವ ನಿಮ್ಮನ್ನ ಮಾತಾಡಿಸದೇ ಇದ್ರೆ ಕೇಳಿ."

"ಮಾತಾಡೋದೇನೂ ಬೇಡ. ಬದುಕಿದ್ದಾಗಲೇ ಮಾತಾಡ್ತಿರಲಿಲ್ಲ. ನೋಡಿದ್ರೆ ಸಾಕು."

ಮೊದಲ ಚಿತ್ರವನ್ನು ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆದೆ. ಮೀಸೆಯ ಒಂದೊಂದು ಕೂದಲನ್ನೂ ಬಿಡಿಬಿಡಿಯಾಗಿ ಎಳೆದೆ. ಬಾಚಣಿಗೆ ತಂದರೆ ಬಾಚಬಹುದಿತ್ತು. ಕಣ್ಣಿನ ಹತ್ತಿರ ಬಂದಾಗ ಕೈ ಸ್ವಲ್ಪ ತಡೆಯಿತು, ಆಮೇಲೆ ತನ್ನ ಹಳೆಯ ದಾರಿಯನ್ನೇ ಹಿಡಿಯಿತು.

ಅತ್ತೆ ಚಿತ್ರ ನೋಡಿದರು. "ಇವರು ಯಾರು?"

"ಮಾವ."

"ಅವರಿಗೆ ಕನ್ನಡಕ ಇರಲಿಲ್ಲ."

"ಇದ್ದಿದ್ರೆ ಹೀಗೇ ಕಾಣ್ತಿದ್ರು ಅತ್ತೆ."

"ಇದ್ದಿದ್ರೆ ಅಂತ ಶುರು ಮಾಡೋದಾದ್ರೆ, ಅವರೇ ಇದ್ದಿದ್ರೆ ಆಗ್ತಿತ್ತು. ಕನ್ನಡಕ ಯಾಕೆ?"

ಎರಡನೆಯದರಲ್ಲಿ ಟೋಪಿ ಹಾಕಿದೆ. ಪಂಪ್‌ಹೌಸಿನ ಟೋಪಿ, ಅದರ ಅಂಚು ಮೂಗಿನ ಬುಡದ ತನಕ, ಕೆಳಗೆ ಕಪ್ಪು ನೆರಳು. ನೆರಳಿನ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ. ಆ ಚಿತ್ರದ ಕೆಳಗೆ ಕೂತರೆ ತಂಪಾಗುತ್ತಿತ್ತು.

"ಟೋಪಿ ಹಾಕ್ತಿದ್ದಿದ್ದು ನಿಜ" ಎಂದರು ಅತ್ತೆ. "ಇಷ್ಟು ಕೆಳಗೆ ಹಾಕ್ತಿರಲಿಲ್ಲ. ಪಂಪು ಕಾಣ್ಬೇಕಲ್ಲ."

"ಟೋಪಿ ಅಪ್ಪನಿಗಲ್ಲಮ್ಮ, ನಿನಗೆ ಹಾಕ್ತಿದ್ದಾರೆ" ಎಂದಳು ನನ್ನ ಹೆಂಡತಿ, ಪಾತ್ರೆ ತೊಳೆಯುತ್ತಲೇ.

"ನೀನು ಸುಮ್ನಿರು" ಎಂದೆ. "ಇದು ದೊಡ್ಡವರ ವಿಷಯ."

"ಹೌದು, ದೊಡ್ಡ ಟೋಪಿನೇ."

ಮೂರನೆಯದು ನನ್ನ ಜೀವಮಾನದ ಉಪಾಯ. ಬಟ್ಟೆ ಒಣಗಿಸಲು ಹಗ್ಗ ಕಟ್ಟುತ್ತಿದ್ದಾಗ ಹೊಳೆಯಿತು. ಹಗ್ಗ ಬಿಟ್ಟು ಓಡಿಬಂದೆ, ಒದ್ದೆ ಬಟ್ಟೆ ಹೆಂಡತಿಯ ತಲೆಯ ಮೇಲೆ ಬಿತ್ತು. ಮಾವ ಎಂದರೆ ಯಾರು? ಕ್ಯಾಮೆರಾ! ಎರಡೂ ಕೈಯಲ್ಲಿ ಕ್ಯಾಮೆರಾ ಹಿಡಿದು, ಕಣ್ಣಿಗೆ ಒತ್ತಿಕೊಂಡು, ಸ್ವಲ್ಪ ಮುಂದಕ್ಕೆ ಬಾಗಿ, ಉಸಿರು ಹಿಡಿದು ನಿಂತ ಮಾವ. ಕ್ಯಾಮೆರಾದ ಕೆಳಗಿನಿಂದ ಮೀಸೆ ಎರಡು ಕಡೆ ಇಣುಕುತ್ತಿತ್ತು. ನಿಜ ಹೇಳುತ್ತೇನೆ, ಇದನ್ನು ಬರೆದು ನಾನೇ ಒಂದು ಹೆಜ್ಜೆ ಹಿಂದೆ ಸರಿದು ಅಂಗಿಯ ಗುಂಡಿ ಸರಿಮಾಡಿಕೊಂಡೆ.

ಅತ್ತೆ ಈ ಸಲ ತುಂಬ ಹೊತ್ತು ನೋಡಿದರು. ಕಿಟಕಿಯ ಬಳಿ ಹೋಗಿ ನೋಡಿದರು.

"ಇದು ಅವರೇ" ಎಂದರು.

ನನ್ನ ಎದೆ ಎಷ್ಟು ಉಬ್ಬಿತೆಂದರೆ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುವ ಭಯವಾಯಿತು.

"ಇವರನ್ನೇ ನಾನು ಇಡೀ ಸಂಸಾರ ಪೂರ್ತಿ ನೋಡಿದ್ದು. ಆ ಕ್ಯಾಮೆರಾ ಸ್ವಲ್ಪ ಇಳಿಸ್ರೀ, ನಿಮ್ಮ ಮುಖ ನೋಡ್ಬೇಕು ಅಂತ ಹೇಳಿ ಹೇಳಿ ಸಾಕಾಗಿತ್ತು ನನಗೆ." ಚಿತ್ರವನ್ನು ನನ್ನ ಕೈಗೆ ವಾಪಸ್ ಕೊಟ್ಟರು. "ನೀವಾದ್ರೂ ಇಳಿಸಿ ಅಳಿಯಂದ್ರೇ."

ಉಬ್ಬಿದ್ದ ಎದೆ ಇಳಿಯಿತು. ಕ್ಯಾಮೆರಾ ಇಳಿಸಲು ನನ್ನಿಂದಾಗಲಿಲ್ಲ. ಇಳಿಸಿದರೆ ಅದರ ಹಿಂದೆ ಏನಿದೆ? ಅಂಗಡಿಯಲ್ಲಿ ಒಂದು ವಾರ ಕನ್ನಡಿಯೆದುರು ನಿಂತು ನನ್ನ ಕಣ್ಣನ್ನೇ ಬರೆದು ನೋಡಿದೆ. ಒಂದು ಸಲ ಕೋಳಿಯ ಕಣ್ಣು ಬಂತು, ಒಂದು ಸಲ ಅಂಗಿಯ ಗುಂಡಿ ಬಂತು. ಹೆಂಡತಿಯ ಕಣ್ಣನ್ನು ನೋಡಿ ಬರೆಯೋಣವೆಂದರೆ ಅವಳದು ಅತ್ತೆಯ ಕಣ್ಣೇ ಎಂದು ಎಲ್ಲರೂ ಹೇಳುತ್ತಾರೆ. ಆ ದಾರಿಯೂ ಬಂದ್. ಯಜಮಾನರು ಹಿಂದಿನಿಂದ ಬಂದು ಇಣುಕಿ, "ಫ್ರೇಮೆಲ್ಲಿ?" ಎಂದರು.

ಕೊನೆಗೆ ನಾಲ್ಕನೆಯದರಲ್ಲಿ ಮಾವನನ್ನು ಕುರ್ಚಿಯಲ್ಲಿ ಮಲಗಿಸಿದೆ. ತಲೆ ಹಿಂದಕ್ಕೆ, ಬಾಯಿ ಸ್ವಲ್ಪ ತೆರೆದು, ಮಧ್ಯಾಹ್ನದ ಸೊಗಸಾದ ನಿದ್ದೆ. ಕಣ್ಣು ಎಂದರೆ ಎರಡು ಬಾಗಿದ ಗೆರೆ, ಅಷ್ಟೇ. ಗೊರಕೆ ಕೇಳಿಸುತ್ತದೆ ಅತ್ತೆ, ಕಿವಿ ಹತ್ತಿರ ತನ್ನಿ ಎಂದು ಹೇಳಬೇಕೆಂದು ಮಾತನ್ನೂ ಜೋಡಿಸಿಕೊಂಡು ಮಹಡಿ ಹತ್ತಿದೆ.

ಹೇಳಲು ಆಗಲಿಲ್ಲ. ಅತ್ತೆ ಚಿತ್ರವನ್ನು ಒಂದೇ ಸಲ ನೋಡಿ ಮೇಜಿನ ಮೇಲೆ ಬೋರಲಾಗಿಟ್ಟರು.

"ಮುಚ್ಚಿದ ಕಣ್ಣು ನಾನು ಕೊನೇ ದಿನ ನೋಡಿದ್ದೀನಿ" ಎಂದರು. "ತೆರೆದಿದ್ದು ಬೇಕು."

ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದರು, ಅದು ಸ್ಟಾರ್ಟಾಗುತ್ತಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡೆ.

"ಗಂಟಲು ಆಮೇಲೆ ಸರಿಮಾಡ್ಕೊಳ್ಳಿ. ಇಲ್ಲಿ ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದರು. ಹೊಸ ಕಾಗದ ತಾವೇ ಹಾಸಿದರು, ಪಕ್ಕದಲ್ಲಿ ಕಾರ್ಡು ಇಟ್ಟರು. "ನನ್ನೆದುರಿಗೇ ಬರೀರಿ. ನನಗೇನೂ ಅವಸರ ಇಲ್ಲ."

ಹೆಂಡತಿ ಕೈ ಒರೆಸಿಕೊಳ್ಳುತ್ತ ಮೇಲೆ ಬಂದು ಬಾಗಿಲಿಗೆ ಒರಗಿ ನಿಂತಳು. ಬೇರೆ ಸಮಯದಲ್ಲಾದರೆ ಇಷ್ಟು ಪ್ರೇಕ್ಷಕರು ಸಿಕ್ಕಿದ್ದಕ್ಕೆ ನಾನು ಕುಣಿಯುತ್ತಿದ್ದೆ.

ಬರೆದೆ. ದವಡೆ ಬರೆದೆ, ಕಿವಿ ಬರೆದೆ, ಮೂಗು ಬರೆದೆ. ಮೀಸೆಯನ್ನು ಎಷ್ಟು ನಿಧಾನವಾಗಿ ಬರೆಯಬಹುದೋ ಅಷ್ಟು ನಿಧಾನವಾಗಿ ಬರೆದೆ. ಮೀಸೆಗೂ ಒಂದು ಕೊನೆ ಇರುತ್ತದೆ. ಅದು ಮುಗಿದ ಮೇಲೆ ಪೆನ್ಸಿಲ್ಲು ಮೇಲಕ್ಕೆ ಹೋಯಿತು, ನನ್ನನ್ನು ಕೇಳದೆ ಎರಡು ಇಂಟು ಹಾಕಿತು.

"ಇದೇನು?" ಎಂದರು ಅತ್ತೆ.

"ಗುರುತು."

"ಯಾವುದರ ಗುರುತು?"

"ಕಣ್ಣು ಬರೋ ಜಾಗದ್ದು."

"ಜಾಗ ನನಗೂ ಗೊತ್ತು. ಮೂಗಿನ ಮೇಲೆ, ಹುಬ್ಬಿನ ಕೆಳಗೆ. ಕಣ್ಣೆಲ್ಲಿ?"

"ಕಲೆಯಲ್ಲಿ ಅತ್ತೆ..." ಎಂದು ಶುರು ಮಾಡಿದೆ. ಅವರು ಕಾದರು. ಎಕ್ಸ್‌ಚೇಂಜಿನಲ್ಲಿ ಆ ಕಡೆಯವರು ಮಾತನಾಡಲಿ ಎಂದು ಕಾಯುತ್ತಿದ್ದ ಹಾಗೆ, ಯಾವ ಆತುರವೂ ಇಲ್ಲದೆ ಕಾದರು. ನನ್ನ ಜೀವನದಲ್ಲಿ ಮೊದಲ ಸಲ ನನ್ನ ರೈಲು ನಿಂತುಬಿಟ್ಟಿತು, ಅದೂ ನಡುದಾರಿಯಲ್ಲಿ.

"ನನಗೆ ಕಣ್ಣು ಬರೆಯೋಕೆ ಬರಲ್ಲ ಅತ್ತೆ" ಎಂದೆ. "ಯಾವತ್ತೂ ಬಂದಿಲ್ಲ. ಅದಕ್ಕೇ ಎಲ್ಲರಿಗೂ ಕನ್ನಡಕ."

ಹೆಂಡತಿ ಬಾಗಿಲಲ್ಲಿ ಒಂದು ಸಣ್ಣ ಸದ್ದು ಮಾಡಿದಳು; ನಗುವೋ ಇನ್ನೇನೋ ನಾನು ತಿರುಗಿ ನೋಡಲಿಲ್ಲ. ಅತ್ತೆ ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

"ಬರದಿದ್ರೆ ಬಿಡಿ. ಬರೆಯೋದು ಬೇಡ, ಬಾಯಲ್ಲಿ ಹೇಳಿ" ಎಂದು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ನಿಮ್ಮ ಕಣ್ಣ ಮುಂದೇನೇ ಇದೆ ಅಂದ್ರಲ್ಲ, ಹೇಗಿತ್ತು ಹೇಳಿ. ನೀವು ಹೇಳ್ತಾ ಹೋದ್ರೆ ನನಗೆ ನೆನಪಾದ್ರೂ ಆಗಬಹುದು."

ಅವರು ಕಣ್ಣು ಮುಚ್ಚಿಕೊಂಡು ಕೂತರು, ಕೇಳಲು. ಈಗ ಏನು ಬೇಕಾದರೂ ಹೇಳಬಹುದಿತ್ತು. ತಿಳಿಗಂದು ಬಣ್ಣ, ಅಂಚಿನಲ್ಲಿ ಸುಕ್ಕು, ಒಳಗೆ ಸಮುದ್ರದ ಆಳ. ನನ್ನ ಬಾಯಿಗೆ ಅಂಥವು ನೂರು ಬರುತ್ತವೆ. ಹೇಳಿದ್ದರೆ ಅವರು ನಂಬಿಯೂ ಬಿಡುತ್ತಿದ್ದರೋ ಏನೋ. ನಂಬಿ, ನಾನು ಹುಟ್ಟಿಸಿದ ಯಾವುದೋ ಕಣ್ಣನ್ನು ಆ ಮೀಸೆಯ ಮೇಲಿಟ್ಟು ಉಳಿದ ದಿನವೆಲ್ಲ ನೋಡಿಕೊಂಡು ಇರುತ್ತಿದ್ದರು.

"ಗೊತ್ತಿಲ್ಲ ಅತ್ತೆ" ಎಂದೆ.

ಅವರು ಕಣ್ಣು ತೆರೆದರು. "ಗೊತ್ತಿಲ್ಲ ಅಂದ್ರೆ? ಇಷ್ಟು ವರ್ಷ ಅವರ ಎದುರಿಗೆ ಕೂತು ಊಟ ಮಾಡಿದ್ದೀರಿ."

"ಮೀಸೆ ನೋಡ್ಕೊಂಡು ಮಾಡ್ದೆ. ಮಾತಾಡೋವಾಗಲೂ ಮೀಸೆ ಜೊತೇನೇ ಮಾತಾಡ್ತಿದ್ದೆ. ಅಂಗಡಿ ನಂದೇ ಅಂದಿದ್ದೆ ಅವರಿಗೆ, ಯಜಮಾನರು ನನ್ನ ಕೈಕೆಳಗಿನವರು ಅಂದಿದ್ದೆ. ಕಣ್ಣಿನ ಡಾಕ್ಟ್ರು ನನ್ನ ಕೇಳದೆ ಒಂದು ಆಪರೇಷನ್ನೂ ಮಾಡಲ್ಲ ಅಂದಿದ್ದೆ. ಅವರ ಕಣ್ಣು ನೋಡಿದ್ರೆ ಮುಂದಿನ ಮಾತು ಬರ್ತಿರಲಿಲ್ಲ ಅತ್ತೆ. ಅದಕ್ಕೇ ನೋಡ್ತಿರಲಿಲ್ಲ. ಒಂದು ಸಲಾನೂ ಸರಿಯಾಗಿ ನೋಡಿಲ್ಲ."

ಇಷ್ಟು ಹೇಳಿ ನಾನು ಮೇಜಿನ ಮೇಲಿನ ಪೆನ್ಸಿಲ್ಲನ್ನು ನೋಡಿಕೊಂಡು ಕೂತೆ. ಸ್ವಲ್ಪ ಹೊತ್ತಿನ ಮೇಲೆ ಒಂದು ವಿಚಿತ್ರ ಶಬ್ದ ಕೇಳಿಸಿತು. ಅತ್ತೆ ನಗುತ್ತಿದ್ದರು. ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಲುಕಿಸಿಕೊಂಡು.

"ಅವರೂ ನಿಮ್ಮ ಮುಖ ನೋಡ್ತಿರಲಿಲ್ಲ ಬಿಡಿ" ಎಂದರು. "ನೋಡಿದ್ರೆ ನಗು ಬಂದ್ಬಿಡುತ್ತೆ ಅಂತ. ಅಳಿಯನ ಮರ್ಯಾದೆ ಪ್ರಶ್ನೆ ಕಣೇ ಅಂತಿದ್ರು. ನೀವು ಡಾಕ್ಟ್ರ ಕಥೆ ಹೇಳಿ ಆ ಕಡೆ ಮೆಟ್ಟಿಲು ಇಳಿಯೋದೇ ತಡ, ಈ ಕಡೆ ಅವರು ಗೋಡೆ ಹಿಡ್ಕೊಂಡು... ನಗು ಅಂದ್ರೆ ಸದ್ದೇ ಇಲ್ಲ, ಎಲ್ಲಾ ಕಣ್ಣಲ್ಲೇ. ಎಡಗಣ್ಣು ಪೂರ್ತಿ ಚಿಕ್ಕದಾಗ್ಬಿಡೋದು, ಬಲಗಣ್ಣು ಮಾತ್ರ ಇಷ್ಟಗಲ ತೆರೆದು, ನೀರು ತುಂಬ್ಕೊಂಡು, ನನ್ನ ಕಡೆ ತಿರುಗಿ..."

ಅತ್ತೆ ಅಲ್ಲಿಗೇ ನಿಲ್ಲಿಸಿದರು. ಸೆರಗು ಹಿಡಿದ ಕೈ ಬಾಯಿಯ ಹತ್ತಿರವೇ ನಿಂತಿತು.

"ಬಂತು" ಎಂದರು.

"ಏನು ಅತ್ತೆ?"

"ಶ್! ಮಾತಾಡ್ಬೇಡಿ. ಹೋಗ್ಬಿಡುತ್ತೆ."

ನಾನು ಮಾತನಾಡಲಿಲ್ಲ. ನನಗೆ ಅಷ್ಟು ಕಷ್ಟದ ಕೆಲಸವನ್ನು ಯಾರೂ ಹೇಳಿರಲಿಲ್ಲ. ಅತ್ತೆ ನನ್ನನ್ನೂ ನೋಡದೆ, ಮಗಳನ್ನೂ ನೋಡದೆ, ಮೇಜಿನ ಆಚೆ ಏನೂ ಇಲ್ಲದ ಒಂದು ಜಾಗವನ್ನು ನೋಡುತ್ತ ಕೂತರು. ಬೀದಿಯ ಸ್ಕೂಟರು ಕೊನೆಗೂ ಸ್ಟಾರ್ಟಾಗಿ ಹೊರಟುಹೋಯಿತು. ಆಮೇಲೆ ಅವರು ರಬ್ಬರು ತೆಗೆದುಕೊಂಡು, ನಾನು ಹಾಕಿದ್ದ ಎರಡು ಇಂಟನ್ನೂ ತಾವೇ ಉಜ್ಜಿ ಅಳಿಸಿದರು. ಪುಡಿಯನ್ನು ಅಂಗೈಯಿಂದ ಸರಿಸಿದರು.

"ಇಲ್ಲಿ ಏನೂ ಬರೀಬೇಡಿ. ಹೀಗೇ ಖಾಲಿ ಇರ್ಲಿ, ನಾನು ನೋಡ್ಕೋತೀನಿ" ಎಂದು ಚಿತ್ರವನ್ನು ತಮ್ಮ ಹಾಸಿಗೆಯ ಪಕ್ಕದ ಗೋಡೆಗೆ ಒರಗಿಸಿಟ್ಟರು.

ನಾವಿಬ್ಬರೂ ಕೆಳಗಿಳಿದೆವು. ಮೆಟ್ಟಿಲ ತಿರುವಿನಲ್ಲಿ ಹೆಂಡತಿ ನನ್ನ ತೋಳು ಹಿಡಿದು ನಿಲ್ಲಿಸಿದಳು. ಅವಳ ಕಣ್ಣು ಒದ್ದೆಯಾಗಿತ್ತು, ಬಾಯಿ ಮಾತ್ರ ಎಂದಿನಂತೆಯೇ ಇತ್ತು.

"ನಾಳೆಯಿಂದ ಬೀದಿಯಲ್ಲಿ ಏನಂತ ಹೇಳ್ಕೊಂಡು ತಿರುಗ್ತೀರಿ? ನಾನು ಬರೆದ ಚಿತ್ರ ನೋಡಿ ಅತ್ತೆಗೆ ಮಾವನ ಕಣ್ಣು ವಾಪಸ್ ಬಂತು ಅಂತ ತಾನೇ?"

ಅಷ್ಟರಲ್ಲಾಗಲೇ ಸರಿಸುಮಾರು ಅದೇ ವಾಕ್ಯ ನನ್ನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನೂ ಬೇರೆ ಕಡೆ ನೋಡಲಿಲ್ಲ.

"ಇಲ್ಲ ಕಣೇ" ಎಂದೆ. "ನಾನು ಬರೆದಿದ್ದು ಮೀಸೆ ಮಾತ್ರ. ಅದೂ ಕಾರ್ಡ್ ನೋಡ್ಕೊಂಡು."